ಪರಮಪ್ರಸಾದ

ಯೇಸುವಿನ ಕೊನೆಯ ಭೋಜನವನ್ನು ಸ್ಮರಿಸಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಕ್ರೈಸ್ತ ಸಂಸ್ಕಾರ. ಪ್ರಾಟೆಸ್ಟೆಂಟರಿಗೆ ಇದು ಕರ್ತನ ಭೋಜನ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹ ಉಂಡವರಿಗೆ, ಅಷ್ಟಾವರಣಗಳಲ್ಲಿ ಪ್ರಸಾದವನ್ನು ಎಣಿಸುವ ಲಿಂಗಾಯತರಿಗೆ ಪರಮಪ್ರಸಾದವೆಂಬ ಹೆಸರು ಪರಕೀಯವೆನಿಸದು. ಅರ್ಥ ಮಾತ್ರ ಬೇರೆ. ರೊಟ್ಟಿ ಕ್ರಿಸ್ತನ ಶರೀರವೇ ಆಗುತ್ತದೆಂಬುದು ಕಥೋಲಿಕ ಸಿದ್ಧಾಂತ. ಸ್ಮರಣೆಗೇ ಒತ್ತು ಕೊಡುವ ಸಭೆಗಳೂ ಇವೆ.

ಇಂಥ ತತ್ತ್ವಚರ್ಚೆ ನಿತ್ಯದ ಬದುಕಿಗೆ ದೂರವೆಂಬ ಆಕ್ಷೇಪ ನಿಲ್ಲದು. ಉಳ್ಳವರು ಉಂಡು ಬಡವರು ಹಸಿದಿರುವ ಕೂಟವನ್ನು ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದಲ್ಲಿ ಕರ್ತನ ಭೋಜನವೆಂದೇ ಒಪ್ಪುವುದಿಲ್ಲ. ಪಂಕ್ತಿಯೇ ಜಾತಿಯ ಗಡಿಯಾಗಿದ್ದ ನಾಡಿನಲ್ಲಿ ಈ ಮಾತು ನೇರ ಎದೆಗೆ ತಾಗುತ್ತದೆ. ಹಾಗಾದರೆ ಚರ್ಚಿನೊಳಗೆ ಜಾತಿ ಅಳಿಯಿತೇ? ಇಲ್ಲ; ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ಜಾತಿಭೇದ ಉಳಿದಿರುವುದನ್ನು ಒಪ್ಪಿಕೊಂಡಿತು.