ಕಂಬನಿಯೋ ಚಿಗುರೋ: ಕೊಡಗಿನ ಗೌರಮ್ಮನವರ ಕಥೆಗಳನ್ನು ಓದುಗರು ಕಂಡ ಬಗೆ

ಕೊಡಗಿನ ಗೌರಮ್ಮನವರ ಎರಡು ಕಥಾಸಂಕಲನಗಳೂ ಪುಸ್ತಕವಾಗಿ ಓದುಗರ ಕೈಸೇರಿದ್ದು ಅವರು ತೀರಿಕೊಂಡ ಮೇಲೆ. ಒಂದರ ಹೆಸರು ‘ಕಂಬನಿ’, ಇನ್ನೊಂದರದು ‘ಚಿಗುರು’. ಎಂಟು ದಶಕಗಳಿಗೂ ಮೀರಿ ಕನ್ನಡಿಗರು ಈ ಕಥೆಗಳನ್ನು ಓದಿಕೊಂಡು ಬಂದ ಬಗೆಯೆಲ್ಲ ಈ ಎರಡು ಹೆಸರುಗಳಲ್ಲೇ ಅಡಗಿದೆ ಎನ್ನುವುದು ನನ್ನ ಎಣಿಕೆ. ಒಂದು ಓದು ಅಗಲಿದ ತಂಗಿಗಾಗಿ ಕಣ್ಣೊರೆಸಿಕೊಳ್ಳುತ್ತದೆ. ಇನ್ನೊಂದು, ಬಲಿಯುವ ಮೊದಲೇ ಮುರಿದುಹೋದ ಪ್ರತಿಭೆಯೆಂದು ಮರುಗುತ್ತದೆ. ಎರಡರಲ್ಲೂ ಪ್ರೀತಿಯಿದೆ. ಎರಡರಲ್ಲೂ ಸಾವು ಮುಂದೆ ಬಂದು, ಕಥೆ ಅದರ ಬೆನ್ನಹಿಂದೆ ನಿಂತಿದೆ.

ಹಾಗಾಗಲು ಕಾರಣ ಆ ಬದುಕೇ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಗೌರಮ್ಮ, ಸುಂಟಿಕೊಪ್ಪದ ಬಳಿಯ ಕಾಫಿ ತೋಟದಲ್ಲಿ ಕೆಲಸದಲ್ಲಿದ್ದ ಬಿ.ಟಿ. ಗೋಪಾಲಕೃಷ್ಣ ಅವರ ಕೈಹಿಡಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬಂದು ಹೋಗಲೇಬೇಕೆಂದು ಗೌರಮ್ಮ ಉಪವಾಸ ಕುಳಿತರು. ಗಾಂಧೀಜಿ ಬಂದರು, ಗೌರಮ್ಮ ಮೈಮೇಲಿನ ಒಡವೆಗಳನ್ನು ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಅವರು ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1939ರ ಏಪ್ರಿಲ್ 13ರಂದು ಹೊಳೆಯ ಸುಳಿಗೆ ಸಿಕ್ಕಿ ತೀರಿಕೊಂಡಾಗ ವಯಸ್ಸು ಇಪ್ಪತ್ತೇಳು. ಒಬ್ಬ ಲೇಖಕಿಯ ಬಗ್ಗೆ ಇಷ್ಟು ಗೊತ್ತಾದ ಮೇಲೆ ಆಕೆಯ ಪುಸ್ತಕವನ್ನು ಬರೀ ಪುಸ್ತಕವೆಂದು ಬಿಡಿಸುವುದು ಯಾರಿಗೂ ಸುಲಭವಲ್ಲ.

ಮೊದಲ ಓದುಗರಲ್ಲಿ ದೊಡ್ಡ ಹೆಸರು ಕವಿ ಬೇಂದ್ರೆಯವರದು. ಅವರು ಗೌರಮ್ಮನವರನ್ನು ತಂಗಿಯೆಂದು ಕಂಡವರು. ಆ ಸಾವಿಗೆ ‘ತಂಗಿ ಗೌರಮ್ಮ’ ಎಂಬ ಕವಿತೆಯನ್ನೇ ಬರೆದವರು. ಅಣ್ಣನ ದುಃಖ ಸಣ್ಣದಲ್ಲ, ಅದನ್ನು ಅಳೆಯುವ ಹಕ್ಕು ನನಗಿಲ್ಲ. ಆದರೆ ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಇಲ್ಲಿ ಒಂದು ಘಟ್ಟವಿದೆ. ಕವಿತೆಯ ಮೂಲಕ ಗೌರಮ್ಮ ಕನ್ನಡದ ಮನೆಮನೆಗೂ ತಂಗಿಯಾದರು. ತಂಗಿಯ ಬರಹವನ್ನು ತಪ್ಪುಒಪ್ಪು ಹಿಡಿದು ವಿಮರ್ಶಿಸುವವರು ಯಾರು?

ಅವರನ್ನು ಕರೆದ ಹೆಸರುಗಳನ್ನೇ ಹತ್ತಿರದಿಂದ ನೋಡಿ. ಬದುಕಿದ್ದಾಗ ಪತ್ರಿಕೆಗಳಿಗೆ ಬರೆಯುತ್ತಿದ್ದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು. ಅದರಲ್ಲಿ ಗಂಡನ ಹೆಸರಿದೆ, ಗೌರಮ್ಮನವರ ಹೆಸರಿಲ್ಲ. ಇಂದು ನಾವು ಬಲ್ಲದ್ದು ‘ಕೊಡಗಿನ ಗೌರಮ್ಮ’. ಇದರಲ್ಲಿ ಊರಿದೆ, ಹೆಸರಿದೆ, ಗಂಡನ ಹೆಸರಿಲ್ಲ. ಈ ಬದಲಾವಣೆ ಓದುಗರು ಕೊಟ್ಟ ತೀರ್ಪು. ವಿಮರ್ಶಕರ ಮಾತಿಗೆ ಕಾಯದೆ ಅವರು ಗೌರಮ್ಮನನ್ನು ಗೌರಮ್ಮನೆಂದೇ ಕರೆದರು. ಓದುಗರ ಪ್ರತಿಕ್ರಿಯೆ ಎಂದಾಗ ನಾವು ಪತ್ರ, ಪರಿಚಯ, ಮುನ್ನುಡಿಗಳನ್ನಷ್ಟೇ ಹುಡುಕುತ್ತೇವೆ. ಹೆಸರು ಉಳಿದ ರೀತಿಯೂ ದಾಖಲೆಯೇ.

ಸತ್ತ ಮೇಲೆ ಬೆಳಕು ಕಂಡ ಎಳವೆಯ ಬರಹ ಎಂದರೆ ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ನೆನಪಾಗುತ್ತಾರೆ. ಅವರು 1803ರಲ್ಲಿ ಹತ್ತು ಪೌಂಡಿಗೆ ಪ್ರಕಾಶಕರಿಗೆ ಮಾರಿದ ಕಾದಂಬರಿ ಅಚ್ಚಾಗದೆ ಬಿದ್ದಿತ್ತು. 1816ರಲ್ಲಿ ಅದನ್ನು ಮರಳಿ ಕೊಂಡರು. 1817ರ ಜುಲೈಯಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಗೆ ಅದು ‘ನಾರ್ಥ್ಯಾಂಗರ್ ಅಬ್ಬೆ’ ಆಗಿ ಬಂದಾಗ, ಅಣ್ಣ ಹೆನ್ರಿ ಬರೆದ ಪರಿಚಯ ಜೊತೆಗಿತ್ತು. ಅಲ್ಲಿಯೂ ಅಣ್ಣನೇ! ಆದರೆ ಒಂದು ವ್ಯತ್ಯಾಸ ಬಹಳ ದೊಡ್ಡದು. ಆಸ್ಟೆನ್ ತಾವೇ ಒಂದು ಟಿಪ್ಪಣಿ ಬರೆದಿಟ್ಟಿದ್ದರು: ಇದನ್ನು ಬರೆದು ಮುಗಿಸಿ ಹದಿಮೂರು ವರ್ಷವಾಯಿತು, ಅಷ್ಟರಲ್ಲಿ ಊರು, ನಡವಳಿಕೆ, ಪುಸ್ತಕ, ಅಭಿಪ್ರಾಯ ಎಲ್ಲ ಬದಲಾಗಿವೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ ಎಂಬ ಅರ್ಥದಲ್ಲಿ. ಮೊದಲ ಬರಹವನ್ನು ಮೊದಲ ಬರಹವೆಂದು ಓದಿಸುವ ಅವಕಾಶ ಅವರಿಗಿತ್ತು. ಗೌರಮ್ಮನವರಿಗೆ ಮೊದಲಿನದು, ಆಮೇಲಿನದು ಎಂಬ ಭೇದವೇ ಇಲ್ಲ. ಬರೆದಷ್ಟೇ ಆರಂಭ, ಅಷ್ಟೇ ಕೊನೆ.

ಹೀಗಿರುವಾಗ ‘ಚಿಗುರು’ ಎಂಬ ಓದು ಅವರಿಗೆ ಅನ್ಯಾಯ ಮಾಡುತ್ತದೆ. ಚಿಗುರು ಎಂದಕೂಡಲೇ ಇಲ್ಲದ ಮರವನ್ನು ಕಲ್ಪಿಸಿಕೊಂಡು, ಇರುವ ಎಲೆಯನ್ನು ಅದರ ಪಕ್ಕದಲ್ಲಿಟ್ಟು ಅಳೆಯುತ್ತೇವೆ. ‘ವಾಣಿಯ ಸಮಸ್ಯೆ’ಯಲ್ಲಿ ವಿಧವೆ ವಾಣಿ ಪಕ್ಕದ ಮನೆಯ ದಾಂಪತ್ಯವನ್ನು ಕಂಡು ತನ್ನೊಳಗೇ ಏಳುವ ಆಸೆಗೆ ಬೆಚ್ಚುತ್ತಾಳೆ. 1930ರ ದಶಕದಲ್ಲಿ ವಿಧವೆಯ ದುಃಖ ಬರೆದವರು ಹಲವರಿದ್ದರು. ವಿಧವೆಯ ಆಸೆಯನ್ನು ಗುಣದೋಷದ ಮಾತಿಲ್ಲದೆ, ಅವಳ ಕಡೆಯಿಂದಲೇ ಬರೆಯುವುದು ಹೊಸತು. ‘ಅಪರಾಧಿ ಯಾರು?’ ಕಥೆಯಂತೂ ಹೆಸರಲ್ಲೇ ಪ್ರಶ್ನೆಯನ್ನು ಓದುಗರ ಮುಂದಿಡುತ್ತದೆ. ಇಂಥ ಬರಹಕ್ಕೆ ‘ಇನ್ನೂ ಬದುಕಿದ್ದರೆ’ ಎಂಬ ಊರುಗೋಲು ಬೇಕಿಲ್ಲ.

ಬೇಗನೆ ಅಗಲಿದ ಇನ್ನೊಬ್ಬ ಕನ್ನಡ ಲೇಖಕಿ ತ್ರಿವೇಣಿಯವರ ವಿಷಯ ಬೇರೆ. ಅವರು 1963ರ ಜುಲೈಯಲ್ಲಿ, ಮೂವತ್ತೈದು ತುಂಬುವ ಮೊದಲೇ ಹೋದರು. ಆದರೆ ಅಷ್ಟರಲ್ಲಿ ಕಾದಂಬರಿಗಳ ದೊಡ್ಡ ಸಾಲೇ ಓದುಗರ ಮನೆಯಲ್ಲಿತ್ತು. 1967ರಲ್ಲಿ ‘ಬೆಳ್ಳಿಮೋಡ’, 1971ರಲ್ಲಿ ‘ಶರಪಂಜರ’ ತೆರೆಗೆ ಬಂದಾಗ ಪುಟ್ಟಣ್ಣ ಕಣಗಾಲರ ಚಿತ್ರಗಳು ಆ ಓದನ್ನು ಇನ್ನಷ್ಟು ಹರಡಿದವು. ಅಲ್ಲಿ ಸಾವಿಗಿಂತ ಪಾತ್ರಗಳು ದೊಡ್ಡವಾದವು. ಗೌರಮ್ಮನವರ ಕಥೆಗಳಿಗೆ ಅಂಥ ಹೊಸ ಓದು ಬರಲು ಬಹಳ ಕಾಲ ಹಿಡಿಯಿತು. ಮಡಿಕೇರಿಯವರೇ ಆದ ದೀಪಾ ಭಾಸ್ತಿ 2023ರಲ್ಲಿ ಇವನ್ನು ಇಂಗ್ಲಿಷಿಗೆ ತಂದರು. ಮುಂದೆ ಬಾನು ಮುಷ್ತಾಕರ ಕಥೆಗಳ ಅನುವಾದಕ್ಕೆ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದದ್ದೂ ಅವರೇ. ಬೇಂದ್ರೆಯವರ ಆ ಕವಿತೆಯ ನೆನಪಿಲ್ಲದ ಇಂಗ್ಲಿಷ್ ಓದುಗರಿಗೆ ಗೌರಮ್ಮ ತಂಗಿಯಲ್ಲ, ಒಬ್ಬ ಕಥೆಗಾರ್ತಿ. ಈ ದೂರ ಒಳ್ಳೆಯದೇ ಮಾಡಿತು.

ಬಸವನಗುಡಿಯ ನಮ್ಮ ಬೀದಿಯ ಕೆಲವರು ಸೇರಿ ಒಂದು ಸಂಜೆ ‘ವಾಣಿಯ ಸಮಸ್ಯೆ’ಯನ್ನು ಗಟ್ಟಿಯಾಗಿ ಓದಿದೆವು. ಬರೆದವರು ಯಾರು, ಯಾವಾಗಿನದು ಎಂದು ಬೇಕೆಂತಲೇ ಮೊದಲು ಹೇಳಲಿಲ್ಲ. ಓದು ಮುಗಿದು ಕಾಫಿ ಲೋಟಗಳು ಕೈಗೆ ಬಂದವು. ಗಾಂಧಿ, ಒಡವೆ, ಹೊಳೆ ಎಲ್ಲ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಲೋಟ ಕೆಳಗಿಟ್ಟು ಕೇಳಿದರು: “ಅದಿರಲಿ, ಆ ವಾಣಿ ಆಮೇಲೆ ಏನಾದಳಪ್ಪಾ?”