ಮರಕ್ಕೆ ಜೋತ ಮಿಠಾಯಿ ಪೊಟ್ಟಣ

ದೆಹಲಿಯ ಲಕ್ಷ್ಮೀ ನಗರದಲ್ಲಿ ಚಳಿಗಾಲದ ಸಂಜೆ ಸಿ.ಎ. ಕೋಚಿಂಗ್ ಬೋರ್ಡುಗಳ ಕೆಳಗೆ ಕಡಲೆಕಾಯಿ, ರೇವಡಿ, ಗಜಕ್ ಗಾಡಿಗಳು ಸಾಲುಗಟ್ಟುತ್ತವೆ. ಹಾಳೆಯನ್ನು ಓರೆಯಾಗಿ ಸುತ್ತಿ, ತುದಿ ಮಡಚಿ ಮಾಡುವ ಕಡಲೆಕಾಯಿ ಪೊಟ್ಟಣಕ್ಕೂ, ಇಂದು ‘ವಿಂಟೇಜ್’ ಎಂಬ ಹಣೆಪಟ್ಟಿ ಹೊತ್ತು ಕ್ರಿಸ್‌ಮಸ್ ಮರದಲ್ಲಿ ತೂಗುವ ಕಾಗದದ ಶಂಕುವಿಗೂ ಆಕಾರ ಒಂದೇ. ಹಿಂದೆ ಕೆಲಸವೂ ಒಂದೇ ಆಗಿತ್ತು.

ಕ್ರಿಸ್‌ಮಸ್ ಮರ ಮೊದಲಿಗೆ ನೋಡುವುದಕ್ಕಿಂತ ತಿನ್ನುವುದಕ್ಕೇ ಹೆಚ್ಚು ಇತ್ತು ಎನ್ನಬೇಕು. 1605ರ ಸ್ಟ್ರಾಸ್‌ಬರ್ಗ್‌ನ ದಾಖಲೆಯೊಂದರಲ್ಲಿ ಮರಕ್ಕೆ ಕಟ್ಟಿದ್ದು ಬಣ್ಣದ ಕಾಗದದ ಗುಲಾಬಿ, ಸೇಬು ಮತ್ತು ಸಿಹಿತಿಂಡಿ. ಸಿಹಿಯನ್ನು ಕೊಂಬೆಗೆ ಕಟ್ಟಲು ಏನಾದರೊಂದು ಚೀಲ ಬೇಕಲ್ಲ? ಒಂದೇ ಹಾಳೆಯಲ್ಲಿ, ಹೊಲಿಗೆಯಿಲ್ಲದೆ ಆಗುವ ಚೀಲವೆಂದರೆ ಶಂಕು. ಜರ್ಮನಿಯ ಸ್ಯಾಕ್ಸನಿ, ತುರಿಂಗಿಯಾ ಕಡೆ ಮೊದಲ ದಿನ ಶಾಲೆಗೆ ಹೋಗುವ ಮಗುವಿನ ಕೈಗೂ ಮಿಠಾಯಿ ತುಂಬಿದ ದೊಡ್ಡ ಶಂಕು ಕೊಡುತ್ತಿದ್ದರು. ಯೇನಾ ಊರಿನಲ್ಲಿ ಈ ರೂಢಿಯ ಉಲ್ಲೇಖ 1817ರಷ್ಟು ಹಳೆಯದು. ಜರ್ಮನಿಯಲ್ಲಿ ಅದು ಇಂದಿಗೂ ನಡೆದಿದೆ.

1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ರಾಣಿ ವಿಕ್ಟೋರಿಯಾ ಕುಟುಂಬದ ಮರದ ಚಿತ್ರ ಅಚ್ಚು ಹಾಕಿತು. ಅದರಲ್ಲೂ ಕೊಂಬೆಗಳಿಂದ ತೂಗಿದ್ದು ಸಿಹಿ ತುಂಬಿದ ಬುಟ್ಟಿ, ತಟ್ಟೆ, ಡಬ್ಬಿಗಳೇ. ಅನುಕೂಲಸ್ಥರ ಮನೆಗಳು ಅದನ್ನೇ ನಕಲು ಮಾಡಿದವು.

ಶಂಕುವಿಗೆ ಮೆರುಗು ತಂದದ್ದು ಅಚ್ಚುಕೂಟ. ಬಣ್ಣದ ಕಲ್ಲಚ್ಚಿನಲ್ಲಿ ದೇವದೂತರ, ಮಕ್ಕಳ, ಹೂಗಳ ಉಬ್ಬುಚಿತ್ರಗಳು ಹಾಳೆಗಟ್ಟಲೆ ಬರತೊಡಗಿದವು. ಹೆಂಗಸರು ಅವನ್ನು ಕತ್ತರಿಸಿ ಶಂಕುವಿನ ಮೈಗೆ ಅಂಟಿಸಿ, ಬಾಯಿಗೆ ಲೇಸು, ಅಂಚಿಗೆ ಬೇಗಡೆ ಕೂರಿಸಿದರು. ಯಕ್ಷಗಾನದ ವೇಷ, ಮದುವೆಯ ಬಾಸಿಂಗ ಕಂಡವರಿಗೆ ಬೇಗಡೆಯ ಮಿನುಗು ಹೊಸದಲ್ಲ. 1880ರಿಂದ 1910ರ ಸುಮಾರಿನವರೆಗೆ ಡ್ರೆಸ್ಡೆನ್–ಲೈಪ್‌ಜಿಗ್ ಸೀಮೆಯ ಕಾರ್ಖಾನೆಗಳು ಒತ್ತಿದ ರಟ್ಟಿಗೆ ಚಿನ್ನ, ಬೆಳ್ಳಿ ಬಣ್ಣ ಹಚ್ಚಿ ಮೀನು, ಹಡಗು, ಬಂಡಿಗಳನ್ನು ಮಾಡಿದವು. ಲೋಹವೆಂದೇ ಮೋಸ ಹೋಗುವಷ್ಟು ನಯ. ಆದರೆ 1880ರಲ್ಲಿ ಅಮೆರಿಕದ ವ್ಯಾಪಾರಿ ವುಲ್‌ವರ್ತ್ ಜರ್ಮನಿಯ ಲೌಶಾ ಊರಿನ ಗಾಜಿನ ಗುಂಡುಗಳನ್ನು ಮಾರಲು ಶುರು ಮಾಡಿದ ಮೇಲೆ ಮಾರುಕಟ್ಟೆ ಕ್ರಮೇಣ ಗಾಜಿನತ್ತ ವಾಲಿತು. ಗಾಜಿನ ಗುಂಡಿನೊಳಗೆ ತಿನ್ನಲು ಏನೂ ಇರಲಿಲ್ಲ!

ಈ ಜರ್ಮನ್ ರೂಢಿ ನಮ್ಮ ಕಡೆಗೂ ಬರಬಹುದಿತ್ತು: ಮಂಗಳೂರಿಗೆ 1834ರಲ್ಲೇ ಜರ್ಮನ್ ಮಾತಾಡುವ ಬಾಸೆಲ್ ಮಿಷನ್ನಿನವರು ಬಂದಿದ್ದರು. ಆದರೆ ಅದಕ್ಕೂ ಹಿಂದಿನಿಂದ ಅಲ್ಲಿದ್ದ ಕೊಂಕಣಿ ಕ್ಯಾಥೊಲಿಕರ ಹಬ್ಬದ ಬಣ್ಣದ ಕಾಗದ ಹೆಚ್ಚಾಗಿ ನಕ್ಷತ್ರಕ್ಕೂ ಗೋದಲಿಗೂ ಮೀಸಲು. ಬಿದಿರಿನ ಕಡ್ಡಿ, ಬಣ್ಣದ ಹಾಳೆ, ಮೈದಾ ಅಂಟು: ದೀಪಾವಳಿಯ ಗೂಡುದೀಪಕ್ಕೆ ಬೇಕಾದ ಸಾಮಾನೇ ನಕ್ಷತ್ರಕ್ಕೂ ಸಾಕು. ಅವರ ಹಬ್ಬದ ತಿಂಡಿಗಳಾದ ಕುಸ್ವಾರ್ ತಟ್ಟೆಯಲ್ಲಿ ನೆರೆಮನೆಗೆ ಹೋಗುತ್ತಿತ್ತು; ಹಾಗಿರುವಾಗ ಸಿಹಿಯನ್ನು ಮರಕ್ಕೆ ಕಟ್ಟುವ ಅಗತ್ಯವೇ ಬಿದ್ದಿರಲಾರದು.

ಇಂದು ದೆಹಲಿಯಲ್ಲಿ ಈ ಶಂಕು ಮಾಡಹೊರಟವರಿಗೆ ಒಳ್ಳೆಯ ಕಾಗದ ದೂರವಿಲ್ಲ. ಜೈಪುರದ ಪಕ್ಕದ ಸಾಂಗಾನೇರಿನಲ್ಲಿ ಕಾಗ್ಜಿ ಕುಟುಂಬಗಳು ಹತ್ತಿ ಬಟ್ಟೆಯ ಚಿಂದಿಯಿಂದ ಕೈಯಲ್ಲಿ ಎತ್ತುವ ಹಾಳೆ ಮಡಚಿದರೂ ಸುಲಭಕ್ಕೆ ಹರಿಯುವುದಿಲ್ಲ. 16 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಕತ್ತರಿಸಿ ಸುತ್ತಿದರೆ ಬಾಯಿ ಸುಮಾರು 8 ಸೆಂ.ಮೀ. ಅಗಲ ಬರುತ್ತದೆ, ಅಂಟಿಗೆ ಬೆರಳಗಲ ಅಂಚು ಹೆಚ್ಚು ಬಿಡಬೇಕು. ಅರ್ಧ ವೃತ್ತ ಸುತ್ತಿದರೆ ಬಾಯಿ ತೀರಾ ಅಗಲವಾಗಿ ಕೊಂಬೆಯಲ್ಲಿ ವಾಲುತ್ತದೆ. ಹಳೆಯ ರೂಢಿಯಂತೆ ತಿಂಡಿ ತುಂಬುವುದಾದರೆ ಸುದ್ದಿಪತ್ರಿಕೆ ಬೇಡ. ಆಹಾರ ಸುತ್ತಲು ಅದನ್ನು ಬಳಸುವುದನ್ನು ಭಾರತದ 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳೇ ನಿಷೇಧಿಸಿವೆ. ಕುಸ್ವಾರಿನ ಗರಿಗರಿ ಕರಿದ ತಿಂಡಿ ಕಿಡಿಯೊ ಹಾಕಿದರೂ ಒಳಗೊಂದು ಬಟರ್ ಪೇಪರ್ ಇರಲಿ, ಇಲ್ಲವಾದರೆ ಎಣ್ಣೆ ಹೊರಗಿನ ಚಿತ್ರಕ್ಕೆ ಇಳಿಯುತ್ತದೆ.