ಮದ್ರಸದ ಮಾಡು ಮತ್ತು ವಕ್ಫ್‌ನ ಮೊದಲ ಖರ್ಚು

ಇಸ್ಲಾಮೀ ನಾಗರಿಕತೆಯು ಜಗತ್ತಿಗೆ ನೀಡಿದ ವಿದ್ಯಾಕೇಂದ್ರಗಳ ಕುರಿತು ನಾವು ಅಭಿಮಾನದಿಂದ ಮಾತನಾಡುತ್ತೇವೆ. ಅವುಗಳನ್ನು ಕಟ್ಟಿಸಿದ ಸುಲ್ತಾನರ ಮತ್ತು ವಝೀರರ ಹೆಸರುಗಳು ನಮಗೆ ಪರಿಚಿತ. ಆದರೆ ಆ ಕಟ್ಟಡಗಳ ಚಾವಣಿಯನ್ನು ವರ್ಷ ವರ್ಷವೂ ಕಾಪಾಡಿದವರು ಯಾರು? ಅದರ ವೆಚ್ಚ ಎಲ್ಲಿಂದ ಬರುತ್ತಿತ್ತು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಇದಕ್ಕೆ ಉತ್ತರವು ವಕ್ಫ್‌ನ ಇತಿಹಾಸದಲ್ಲಿದೆ ಮತ್ತು ನಮ್ಮ ಮಕ್ಕಳು ಇಂದು ಕುಳಿತು ಕಲಿಯುವ ಕೊಠಡಿಗಳಿಗೂ ಅದಕ್ಕೂ ನೇರ ಸಂಬಂಧವಿದೆ.

ಖೈಬರ್‌ನಲ್ಲಿ ತಮಗೆ ದೊರೆತ ಭೂಮಿಯ ಬಗ್ಗೆ ಹ. ಉಮರ್(ರ) ಸಲಹೆ ಕೇಳಿದಾಗ, ಮೂಲವನ್ನು ಉಳಿಸಿಕೊಂಡು ಅದರ ಫಲವನ್ನು ದಾನ ಮಾಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ಆ ಭೂಮಿಯನ್ನು ಮಾರುವಂತಿರಲಿಲ್ಲ, ಕೊಡುಗೆಯಾಗಿ ನೀಡುವಂತಿರಲಿಲ್ಲ, ಅದು ವಾರಸುದಾರರಿಗೆ ಹಂಚಿಹೋಗುವಂತೆಯೂ ಇರಲಿಲ್ಲ. ಅದನ್ನು ನೋಡಿಕೊಳ್ಳುವವನು ಮಿತವಾಗಿ ಅದರಿಂದ ಉಣ್ಣಬಹುದು ಎಂಬ ಷರತ್ತೂ ಅದರಲ್ಲಿ ಸೇರಿತ್ತು. ಅಂದರೆ, ದಾನ ಮಾಡಿದ ಕ್ಷಣದಲ್ಲೇ ಅದನ್ನು ನೋಡಿಕೊಳ್ಳುವವನ ಬಗ್ಗೆಯೂ ಯೋಚಿಸಲಾಗಿತ್ತು.

‘ಮೂಲವನ್ನು ಉಳಿಸುವುದು’ ಎಂಬುದು ತೋಟದ ವಿಷಯದಲ್ಲಿ ಸರಳ. ಕಟ್ಟಡದ ವಿಷಯದಲ್ಲಿ ಹಾಗಲ್ಲ. ಬಿಸಿಲು, ಮಳೆ, ಗೆದ್ದಲುಗಳು ಅದನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತವೆ. ಈ ಸತ್ಯವನ್ನು ಕರ್ಮಶಾಸ್ತ್ರ ವಿದ್ವಾಂಸರು ಚೆನ್ನಾಗಿ ಅರಿತಿದ್ದರು. ಫರ್ಗಾನಾದ ಇಮಾಮ್ ಮರ್ಗೀನಾನೀಯವರು (ಮರಣ 1197) ತಮ್ಮ ‘ಹಿದಾಯ’ದಲ್ಲಿ ಹನಫೀ ನಿಲುವನ್ನು ಸ್ಪಷ್ಟವಾಗಿ ದಾಖಲಿಸಿದ್ದಾರೆ. ವಕ್ಫ್‌ನ ಆದಾಯದಿಂದ ಮೊದಲು ಆಗಬೇಕಾದುದು ಅದರ ದುರಸ್ತಿ. ವಕ್ಫ್ ಮಾಡಿದಾತ ಹಾಗೆಂದು ಷರತ್ತು ವಿಧಿಸಿರಲಿ, ವಿಧಿಸದಿರಲಿ, ನಿಯಮ ಒಂದೇ. ಶಾಫಿಈ ವಿದ್ವಾಂಸರೂ ಹಕ್ಕುದಾರರ ಪಾಲಿಗಿಂತ ದುರಸ್ತಿಗೇ ಆದ್ಯತೆ ನೀಡಿದ್ದಾರೆ.

ಇದರ ಜೊತೆಗೆ ಇನ್ನೂ ಮೂರು ನಿಯಮಗಳಿವೆ. ಒಂದು, ವಕ್ಫ್ ಮನೆಯಲ್ಲಿ ವಾಸಿಸುವ ಹಕ್ಕುಳ್ಳವನೇ ಅದನ್ನು ದುರಸ್ತಿ ಮಾಡಬೇಕು. ಅವನು ನಿರಾಕರಿಸಿದರೆ ಅಥವಾ ಅಶಕ್ತನಾಗಿದ್ದರೆ ಕಾಝಿಯು ಮನೆಯನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯಿಂದ ದುರಸ್ತಿ ಮಾಡಿಸಿ, ಬಳಿಕ ಅವನಿಗೇ ಹಿಂದಿರುಗಿಸಬೇಕು. ಎರಡು, ಕುಸಿದ ಭಾಗದ ಕಲ್ಲು-ಮರಗಳನ್ನು ದುರಸ್ತಿಗೇ ಬಳಸಬೇಕು. ಸದ್ಯಕ್ಕೆ ಬೇಡವಾದರೆ ಮುಂದಿನ ಅಗತ್ಯಕ್ಕಾಗಿ ತೆಗೆದಿಡಬೇಕು, ಫಲಾನುಭವಿಗಳು ಹಂಚಿಕೊಳ್ಳುವಂತಿಲ್ಲ. ಮೂರು, ಕಟ್ಟಡವು ವಕ್ಫ್ ಮಾಡಿದಾಗ ಇದ್ದ ಸ್ಥಿತಿಯಲ್ಲಿ ಉಳಿಯಲು ಎಷ್ಟು ಬೇಕೋ ಅಷ್ಟೇ ದುರಸ್ತಿಯ ವ್ಯಾಪ್ತಿ. ದುರಸ್ತಿಯ ಹೆಸರಿನಲ್ಲಿ ಕಟ್ಟಡವನ್ನು ಹಿಗ್ಗಿಸಲು ಹಕ್ಕುದಾರರ ಪಾಲನ್ನು ಕಸಿಯುವಂತಿಲ್ಲ.

ಶಿಕ್ಷಕರ ವೇತನಕ್ಕಿಂತಲೂ ಚಾವಣಿಯ ದುರಸ್ತಿ ಮೊದಲೇ ಎಂದು ಯಾರಾದರೂ ಅಚ್ಚರಿಪಡಬಹುದು. ಆದರೆ ಚಾವಣಿ ಕುಸಿದರೆ ಪಾಠ ನಡೆಯುವ ಸ್ಥಳವೇ ಇಲ್ಲವಾಗುತ್ತದೆ. ಇಂದಿನ ಹಕ್ಕುದಾರರು ಎಲ್ಲವನ್ನೂ ಉಂಡರೆ ನಾಳೆ ಬರುವ ಮಕ್ಕಳ ಹಕ್ಕನ್ನು ಕಸಿದಂತೆ. ವಿದ್ವಾಂಸರು ಕಾಪಾಡಿದ್ದು ಇನ್ನೂ ಹುಟ್ಟದ ವಿದ್ಯಾರ್ಥಿಗಳ ಪಾಲನ್ನು.

ಉಸ್ಮಾನಿಯಾ ಕಾಲದ ದೊಡ್ಡ ವಕ್ಫ್‌ಗಳು ಈ ತತ್ವಕ್ಕೆ ವ್ಯವಸ್ಥೆಯ ರೂಪ ನೀಡಿದವು. 1550ರಿಂದ 1557ರ ಅವಧಿಯಲ್ಲಿ ಇಸ್ತಾಂಬುಲ್‌ನಲ್ಲಿ ವಾಸ್ತುಶಿಲ್ಪಿ ಸಿನಾನ್ ನಿರ್ಮಿಸಿದ ಸುಲೈಮಾನಿಯಾ ಸಂಕೀರ್ಣದಲ್ಲಿ ಮಸೀದಿಯ ಸುತ್ತ ಮದ್ರಸಗಳು, ಆಸ್ಪತ್ರೆ, ಭೋಜನಶಾಲೆಗಳಿದ್ದವು. ಇಂತಹ ಸಂಸ್ಥೆಗಳ ಗುಮ್ಮಟಗಳಿಗೆ ಸೀಸದ ಹಾಳೆ ಹೊದಿಸಲಾಗುತ್ತಿತ್ತು. ಬೇಸಿಗೆಯಲ್ಲಿ ಹಿಗ್ಗಿ ಚಳಿಗಾಲದಲ್ಲಿ ಕುಗ್ಗುವ ಸೀಸವು ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಆದ್ದರಿಂದ ದೊಡ್ಡ ವಕ್ಫ್‌ಗಳ ಸಿಬ್ಬಂದಿಯಲ್ಲಿ ಇಮಾಮರು ಮತ್ತು ಅಧ್ಯಾಪಕರ ಜೊತೆಗೆ ದುರಸ್ತಿಗಾರರೂ ಸೀಸದ ಕೆಲಸಗಾರರೂ ವೇತನ ಪಡೆಯುತ್ತಿದ್ದರು. ಸೋರಿದ ಮೇಲೆ ಚಂದಾ ಎತ್ತುವ ಪದ್ಧತಿಯನ್ನು ಅವರು ನೆಚ್ಚಿಕೊಳ್ಳಲಿಲ್ಲ.

ನಮ್ಮ ನಾಡಿನ ಬೀದರ್ ಇನ್ನೊಂದು ಪಾಠವನ್ನು ಹೇಳುತ್ತದೆ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ಸಾಮ್ರಾಜ್ಯದ ಪ್ರಧಾನಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಮೂರು ಅಂತಸ್ತಿನ ಮದ್ರಸವನ್ನು ಪೂರ್ಣಗೊಳಿಸಿದರು. ಅಂಗಳದ ಸುತ್ತ ಉಪನ್ಯಾಸ ಮಂದಿರಗಳು, ವಿದ್ಯಾರ್ಥಿಗಳ ಕೊಠಡಿಗಳು, ಮಸೀದಿ ಮತ್ತು ಗ್ರಂಥಾಲಯವಿದ್ದವು. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. 1481ರಲ್ಲಿ ಸುಳ್ಳುಪತ್ರವೊಂದರ ಆಧಾರದಲ್ಲಿ ಗವಾನ್‌ರಿಗೆ ಮರಣದಂಡನೆಯಾಯಿತು. ಕಟ್ಟಡ ಅವರ ನಂತರವೂ ಉಳಿಯಿತು. ಆದರೆ ಮೊಘಲರ ಕಾಲಕ್ಕೆ ಅದರ ಒಂದು ಭಾಗ ಸೈನ್ಯದ ಬಳಕೆಗೆ ಹೋಗಿ, ಕೊಠಡಿಗಳಲ್ಲಿ ಮದ್ದುಗುಂಡು ತುಂಬಿತು. 1696ರಲ್ಲಿ ಸಿಡಿಲು ಬಡಿದು ಮದ್ದು ಸ್ಫೋಟಗೊಂಡಿತು. ಮುಖ್ಯದ್ವಾರ, ಮುಂಭಾಗದ ಒಂದು ಪಾರ್ಶ್ವ ಮತ್ತು ಎರಡು ಮಿನಾರ್‌ಗಳಲ್ಲಿ ಒಂದು ನೆಲಕ್ಕುರುಳಿದವು. ಇಂದು ಅಲ್ಲಿ ಒಂಟಿ ಮಿನಾರ್ ನಿಂತಿದೆ. ಕಟ್ಟಡವನ್ನು ಅದರ ಉದ್ದೇಶಕ್ಕೇ ಮೀಸಲಿಡುವುದು ಕೂಡ ನಿರ್ವಹಣೆಯ ಭಾಗವೇ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ಕರಾವಳಿ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾರೆ. ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ನೆಲವದು. ಅಲ್ಲಿ ಶಾಲೆ ನಡೆಯಬೇಕಾದರೆ ಪ್ರತಿ ವರ್ಷವೂ ಮಾಡನ್ನು ನೋಡಿಕೊಳ್ಳುವ ಕೈಗಳು ಬೇಕೇ ಬೇಕು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಕಾರ್ಖಾನೆ ಆರಂಭವಾದ ಬಳಿಕ ಹಂಚಿನ ಮಾಡು ಎಲ್ಲೆಡೆ ಹರಡಿತು. ಮಳೆಗಾಲಕ್ಕೆ ಮುನ್ನ ಒಡೆದ ಹಂಚು ಬದಲಿಸುವುದು, ಪಕ್ಕಾಸು-ರೀಪುಗಳಲ್ಲಿ ಗೆದ್ದಲು ಹುಡುಕುವುದು, ನೀರು ಹರಿಯುವ ದಂಬೆಯಿಂದ ಎಲೆ ತೆಗೆಯುವುದು ಮನೆಮನೆಯ ವಾಡಿಕೆಯಾಯಿತು.

ಕಾಂಕ್ರೀಟಿನ ತಾರಸಿ ಬಂದಾಗ ಈ ವಾಡಿಕೆಯನ್ನು ನಾವು ಕೈಬಿಟ್ಟೆವು. ತಾರಸಿಗೆ ಆರೈಕೆ ಬೇಡವೆಂಬ ಭಾವನೆ ಬೇರೂರಿತು. ವಾಸ್ತವದಲ್ಲಿ ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಸೀಳಿ ಚಕ್ಕೆಚಕ್ಕೆಯಾಗಿ ಕೆಳಗೆ ಬೀಳುತ್ತದೆ. ಕೆಳಗೆ ಕುಳಿತಿರುವುದು ನಮ್ಮ ಮಕ್ಕಳು.

ಹಾಗಾದರೆ ಮದ್ರಸ ಮತ್ತು ಶಾಲೆಗಳ ಆಡಳಿತ ಸಮಿತಿಗಳು ಏನು ಮಾಡಬಹುದು? ಪ್ರತಿ ಕಟ್ಟಡಕ್ಕೂ ಒಂದು ದಾಖಲೆ ಪುಸ್ತಕವಿರಲಿ. ಅದರಲ್ಲಿ ಕಟ್ಟಿದ ವರ್ಷ, ಸೋರಿದ ಸ್ಥಳ, ಮಾಡಿದ ದುರಸ್ತಿ ಮತ್ತು ತಗಲಿದ ವೆಚ್ಚ ನಮೂದಾಗಲಿ. ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಬಲ್ಲವರು ತಾರಸಿ ಏರಿ ನೋಡಲಿ. ನೀರು ತಡೆಯುವ ಲೇಪನಕ್ಕೆ ಕೆಲವೇ ವರ್ಷಗಳ ಬಾಳಿಕೆ ಇರುವುದರಿಂದ ಮುಂದಿನ ಲೇಪನದ ವರ್ಷವನ್ನು ಇಂದೇ ಬರೆದಿಡಲಿ. ಅಂಗಡಿ ಬಾಡಿಗೆಯೋ ತೋಟದ ಉತ್ಪತ್ತಿಯೋ ಇದ್ದರೆ ಅದರ ಒಂದು ಪಾಲು ಮೊದಲೇ ದುರಸ್ತಿ ನಿಧಿಗೆ ಸೇರಲಿ. ಹಳೆಯ ಚಾವಣಿ ಸೋರುತ್ತಿರುವಾಗ ಹೊಸ ಅಂತಸ್ತು ಏರಿಸುವ ಉತ್ಸಾಹಕ್ಕೆ ‘ಹಿದಾಯ’ದ ನಿಯಮ ಕಡಿವಾಣವಾಗಲಿ.

ಶಿಲಾನ್ಯಾಸಕ್ಕೆ ದಾನಿಗಳು ಮುಂದೆ ಬರುತ್ತಾರೆ, ಅವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ದಂಬೆಯ ಕಸ ತೆಗೆಸಿದವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೆ ಸದಕಾ ಜಾರಿಯಾ ಎಂದರೆ ಹರಿಯುತ್ತಲೇ ಇರುವ ದಾನ. ಕಟ್ಟಿದವನ ಪುಣ್ಯವನ್ನು ಹರಿಯುವಂತೆ ಮಾಡುವವನು ಅದನ್ನು ಕಾಪಾಡಿದವನು. ನಮ್ಮ ಕೈಗೆ ಬಂದ ಪ್ರತಿಯೊಂದು ವಿದ್ಯಾಲಯವೂ ಒಂದು ಅಮಾನತ್ತು. ಮುಂದಿನ ತಲೆಮಾರಿಗೆ ಅದನ್ನು ಸೋರದ ಮಾಡಿನೊಂದಿಗೆ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ.